ಉಡಿಯಲ್ಲಿ ಬಂದ ಮೀನು

ಕಾಗಿಣಾ ನೀರು ಮುಟ್ಟಿ ಹೇಳುತ್ತೇನೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಶಹಾಬಾದದ ಕಲ್ಲುಖಣಿಯ ಖಂಡೆಪ್ಪ ಚಿಂಚೋಳಿ ಗುಡ್ಡದ ಕೆರೆಯ ದಂಡೆಯಲ್ಲಿ ಪ್ಲಾಸ್ಟಿಕ್ ಡಬ್ಬಿ ಎತ್ತಿ ಹಿಡಿದು ನಿಂತಿದ್ದ. ಒಳಗೆ ಬೆರಳುದ್ದವೂ ಇಲ್ಲದ ಬೂದು ಮೀನುಗಳು. ಪಂಚಮಿಗೆ ತವರಿಗೆ ಬಂದಿದ್ದ ಮಗಳು ದೇವಿಕಾಳನ್ನು ಗಂಡನ ಮನೆಗೆ ಬಿಡಲು ಬಂದವನು, ಅವಳ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಈ ಡಬ್ಬಿಯನ್ನೂ ಇಡಿಸಿದ್ದ.

"ಬೀಗತಿ, ಖಣಿ ನೀರಾಗ ಈ ಮೀನ ಬಿಟ್ಟ ಮ್ಯಾಲ ನಮ್ಮೂರ ಸೊಳ್ಳಿ ಎಲ್ಲಾ ವಾಡಿಗಿ ಹೋಗಿ ರೈಲ್ ಹತ್ಯಾವ್ರಿ!"

"ಟಿಕೇಟ್ ತಗೊಂಡಿದ್ವೋ ಇಲ್ಲೋ, ಬೀಗರ?" ಎಂದಳು ದೇವಿಕಾಳ ಅತ್ತೆ ಬಸವೇಶ್ವರಿ. ನೋಡಲು ನೆರೆದ ಓಣಿಯವರು ಗೊಳ್ಳೆಂದು ನಕ್ಕರು.

"ನಗಬ್ಯಾಡ್ರಿ. ಇವು ತತ್ತಿ ಇಡಂಗಿಲ್ಲ, ಮರೀನೇ ಹಾಕ್ತಾವ. ವರ್ಷದಾಗ ಕೆರಿ ತುಂಬಾ ಇವೇ!"

ದೇವಿಕಾ ಅಪ್ಪನ ಅಂಗಿ ಜಗ್ಗಿ ಮೆಲ್ಲಗೆ ಕೇಳಿದಳು. "ಯಪ್ಪಾ, ಈ ಮಳಿಗಾಲದಾಗ ನಮ್ಮ ಖಣ್ಯಾಗ ಒಂದರೆ ಕಪ್ಪಿ ಒದರೇದೇನು?"

ಖಂಡೆಪ್ಪ ಕಿವಿ ಮುಟ್ಟಿ ನೋಡಿಕೊಂಡ. ಮೀನು ಬಿಟ್ಟಂದಿನಿಂದ ಕಪ್ಪೆಗಳ ಗದ್ದಲವೇ ಇಲ್ಲ. ತನ್ನ ಕಿವಿಯೇ ಮಂದವಾಯಿತೆಂದುಕೊಂಡಿದ್ದ.

ದೇವಿಕಾ ಕೆರೆಯಿಂದ ಬೊಗಸೆಯಲ್ಲಿ ಒಂದು ಕಪ್ಪೆಮರಿ ಎತ್ತಿ ಡಬ್ಬಿಗೆ ಬಿಟ್ಟಳು. ಮೀನುಗಳು ಮುತ್ತಿಕೊಂಡವು. ನೋಡನೋಡುತ್ತಿದ್ದಂತೆ ಮರಿಯ ಬಾಲವೇ ಇಲ್ಲ.

ಸುರಿದರೆ ಈ ಕೆರೆಯೂ ಮೂಕ. ಉಡಿಯಲ್ಲಿ ಕೊಟ್ಟದ್ದನ್ನು ವಾಪಸು ಒಯ್ದರೆ ಬೀಗರೆದುರು ಮಾನ ಹೋಯಿತು. ಖಂಡೆಪ್ಪ ಡಬ್ಬಿಯನ್ನು ಒಮ್ಮೆ ಕೆರೆಯತ್ತ, ಒಮ್ಮೆ ತನ್ನತ್ತ ವಾಲಿಸಿದ.

ದೇವಿಕಾ ಅದನ್ನು ಕಸಿದುಕೊಂಡು ಅತ್ತೆಯ ಕಡೆ ತಿರುಗಿದಳು. "ಅತ್ತೀ, ಉಡ್ಯಾಗ ಬಂದದ್ದು ಯಾರರೆ ಕೆರಿಗಿ ಚೆಲ್ಲತಾರೇನ್ರಿ? ನಮ್ಮ ಹಿತ್ತಲ ಸಿಮೆಂಟ್ ನೀರಿನ ಹೌಜಿನಾಗೇ ಇರಲಿ. ಸೊಳ್ಳಿ ಹುಟ್ಟೂದೂ ಅಲ್ಲೇ."

"ಖರೇ ಅದ ನೋಡವ್ವ!" ಬಸವೇಶ್ವರಿ ಸೊಸೆಯ ಬೆನ್ನು ತಟ್ಟಿದಳು. "ಬೀಗರ, ಈಕಿ ನಿಮಗಿಂತ ಭಾಳ ಶಾಣ್ಯಾ ಅದಾಳ."

ಖಂಡೆಪ್ಪನ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಒಂದು ಗುಂಡಿ ಹಾರಿ ಕೆರೆಗೆ ಬಿದ್ದದ್ದನ್ನು ಕಂಡವರಿದ್ದಾರೆ. "ಮತ್ತ ಮಗಳು ಯಾರಕಿ ಅಂತೀರಿ?"

ಮನೆಗೆ ಬಂದ ದೇವಿಕಾ ಹೌಜಿನಿಂದ ಕೆರೆಗೆ ಹರಿಯುವ ಮೋರಿಗೆ ಮೊದಲು ಬಟ್ಟೆ ತುರುಕಿದಳು, ಆಮೇಲೆ ಮೀನು ಬಿಟ್ಟಳು.

ಶಹಾಬಾದಕ್ಕೆ ಹೋದರೆ ಖಂಡೆಪ್ಪನನ್ನು "ಮಗಳು ಹೇಗಿದ್ದಾಳೆ?" ಎಂದಷ್ಟೇ ಕೇಳಿ. ಕೂರಿಸಿ ಚಹಾ ಕುಡಿಸದೆ ಬಿಡುವುದಿಲ್ಲ. ಪುಕ್ಕಟೆ ಚಹಾದ ಈ ಉಪಾಯ ನಿಮಗೆ ಹೇಳಿಕೊಟ್ಟವನು ನಾನು. ಅರ್ಧ ಕಪ್ಪು ನನಗೆ ತರಬೇಕು, ಬಿಸಿಯಾಗಿಯೇ.