ಎದುರು ಸೊಲ್ಲು

ಆ ಬಿಳಿ ಚುಕ್ಕೆ ತನ್ನ ಕೊರಳಿನೊಳಗಿನದು ಎಂದು ನಂಬುವುದಾದರೂ ಹೇಗೆ, ಸ್ಕ್ಯಾನಿನ ಪರದೆ ಅಲ್ಲಿ ಗೋಡೆಯ ಹತ್ತಿರ, ಕೊರಳು ಇಲ್ಲಿ, ಚುಕ್ಕೆ ಅಲ್ಲಿ ಅರಳಿದರೆ ಬಿಸಿ ಇಲ್ಲಿ ಏರುತ್ತದೆ, ಅನ್ನ ಕುದಿಯುವಾಗ ಏಳುವ ನೊರೆಯ ಹಾಗೆ ಸಣ್ಣ ಸಣ್ಣ ಗುಳ್ಳೆ — ಅಲ್ಲಾಡ್ಬೇಡಿ ದೋನ್ಯಾ ಎಮೆರಿತಾ, ಸೂಜಿ ತುದೀಲಿ ಲೇಸರ್ ಬೆಳಕಿದೆ, ಗಂಟನ್ನ ಒಳಗಿಂದಾನೇ ಬೇಯಿಸ್ತಿದೀನಿ ಅಷ್ಟೆ. ಅಷ್ಟೆಯಂತೆ, ಇವನಜ್ಜಿ ಮನೆಯ ಬಾಳೆಕಾಯಿ ನೋಡು, ಬೇಯಿಸುವುದಕ್ಕೆ. ಮೆದೆಯೀನ್ ಪಟ್ಟಣದ ಹುಡುಗ ಈ ಡಾಕ್ಟರ್ ಉರೆಗೊ, ಒಳ್ಳೆಯವನೇ, ಕೈ ನಡುಗುವುದಿಲ್ಲ. ಮಲಗಿದರೆ ಉಸಿರು ಕಟ್ಟಿಸುತ್ತಿದ್ದ ಗಂಟು, ಕೊಯ್ದು ತೆಗೆಯೋಣವೆಂದರೆ ನಿಮ್ಮ ಹೃದಯ ತಡೆಯಲ್ಲ ಅಂದರು, ಅದಕ್ಕೇ ಈ ಬೇಯಿಸುವಿಕೆ, ಆದರೆ ಗಂಟಿನ ಬೆನ್ನಿಗೇ ದನಿಯ ನರ ಹಾದುಹೋಗುತ್ತದಂತೆ, ಕಾವು ಅದಕ್ಕೆ ತಗುಲಿತೋ ದನಿ ಹೋಯಿತು, ಮಾತಾಡ್ತಾ ಇರಿ, ನಿಮ್ಮ ದನಿ ಕೇಳಿಸ್ತಿದ್ರೆ ನಂಗೆ ಧೈರ್ಯ. ಏನು ಮಾತಾಡುವುದು ಮಣ್ಣು, ಅತ್ರಾತೊ ನದಿಯ ದಂಡೆಯ ಊರುಗಳ ಹೆಸರು ಹೇಳುತ್ತಾಳೆ, ಬೆತೆ, ತಗಾಚಿ, ಬೆತೆಯಲ್ಲಿ ಹಾಡಿದ್ದು ದೋಣಿ ಕೆತ್ತುವವನಿಗೆ, ತಗಾಚಿಯಲ್ಲಿ ಅಣ್ಣತಮ್ಮ ಇಬ್ಬರಿಗೂ ಒಟ್ಟಿಗೆ, ಅವಳ ಪಾಲಿಗೆ ಊರೆಂದರೆ ಅಲ್ಲಿ ಯಾರು ಸತ್ತರು ಎನ್ನುವುದೇ.

ಮಾತಲ್ಲಿ ಗೊತ್ತಾಗ್ತಿಲ್ಲ, ಎತ್ತರದ ಸ್ವರ ಬೇಕು, ನೀವು ಹಾಡ್ತೀರಂತಲ್ಲ, ನಿಮ್ ಮಗಳು ಹೇಳಿದ್ಲು — ಈ ಯಾದಿರಾಳ ಬಾಯಿಗೆ ಬೀಗ ಎಲ್ಲಿದೆ — ಒಂದು ಹಾಡು ಹೇಳಿ. ಬೇಡಪ್ಪಾ, ನಮ್ಮ ಹಾಡು ಸತ್ತೋರಿಗೆ ಮಾತ್ರ. ಇಲ್ಲಿ ಯಾರೂ ಸತ್ತಿಲ್ಲ ದೋನ್ಯಾ, ಹಾಡಿ. ಅದೇ ತಾನೇ ಭಯ, ಯಾರೂ ಸತ್ತಿಲ್ಲ ಎನ್ನುವುದೇ, ಹೆಣವಿಲ್ಲದ ಕಡೆ ಅಲಬಾವೊ, ಆ ಸಾವಿನ ಹಾಡು, ಎತ್ತಿದರೆ ಹಾಡು ತಾನೇ ಹೆಣ ಹುಡುಕಿಕೊಂಡು ಹೊರಡುತ್ತದೆ, ಹಾಡಿದವಳ ಮನೆಯಿಂದಲೇ ಶುರು, ಮನೆಯಲ್ಲಿ ಇನ್ನು ಯಾರಿದ್ದಾರೆ, ಯಾದಿರಾ ಒಬ್ಬಳು, ಇದೇ ಬಾಗಿಲ ಆಚೆ ಕುರ್ಚಿಯ ಮೇಲೆ, ತುಂಬಿದ ಬಸಿರು, ಕಾಲು ಊದಿಕೊಂಡು. ಅದರ ಬದಲು ಎಮೆರಿತಾ ಹುಟ್ಟುಹಬ್ಬದ ಹಾಡು ಶುರು ಮಾಡುತ್ತಾಳೆ, ಅದು ಎದೆಯಿಂದ ಬರುವಂಥದ್ದಲ್ಲ, ಹಲ್ಲಿನ ಮೇಲೇ ನಿಂತುಬಿಡುತ್ತದೆ — ಸಾಲ್ದು, ಇನ್ನೂ ಮೇಲೆ, ದನಿ ಸ್ವಲ್ಪ ಒಡೀತಿದೆ ಅನ್ಸತ್ತೆ, ನಂಗೆ ಖಾತ್ರಿ ಆಗ್ಬೇಕು. ಒಡೆಯುತ್ತಿದೆಯೇ, ದನಿ ಹೋದ ಎಮೆರಿತಾ ಯಾರು, ಮೀನು ಹೆರೆಯುವ ಮುದುಕಿ, ಸತ್ತವರನ್ನು ದಾಟಿಸುವವರು ಯಾರು. ಯೋಚಿಸು, ಬೇಗ. ಅಲಬಾವೊ ಒಬ್ಬಳು ಎತ್ತಬೇಕು, ಉಳಿದವರು ಎದುರು ಸೊಲ್ಲು ಕೊಡಬೇಕು, ಎದುರು ಸೊಲ್ಲಿಲ್ಲದ್ದು ಹಾಡೇ ಅಲ್ಲ, ಬರಿಯ ಕೂಗು, ಒಂಟಿ ಕೂಗಿಗೆ ಸಾವು ತಿರುಗಿ ನೋಡುವುದಿಲ್ಲ, ಅಜ್ಜಿಯೂ ಹಾಗೇ ಅನ್ನುತ್ತಿದ್ದಳು, ಅನ್ನುತ್ತಿದ್ದಳೇ, ಈಗ ತಾನೇ ಕಟ್ಟಿಕೊಂಡದ್ದೋ, ಇರಲಿ, ಇಲ್ಲಿ ಸೊಲ್ಲು ಕೊಡುವವರು ಯಾರಿದ್ದಾರೆ, ಮೆಲ್ಲಗೆ ಒಂದೇ ಒಂದು ಸಾಲು — ದೀಪ ಹಚ್ಚಿದೆ ತಾಯಿ, ಬಾಗಿಲು ತೆರೆದಿದೆ — ಆದರೆ ಆ ಹಾಡಿಗೆ ಮೆಲ್ಲಗೆ ಎನ್ನುವುದೇ ಗೊತ್ತಿಲ್ಲ, ಎದೆಯಿಂದ ಎದ್ದು ಕೋಣೆ ತುಂಬುತ್ತದೆ, ಒಡಕಿಲ್ಲ, ಗಂಟೆ ಹೊಡೆದ ಹಾಗಿದೆ, ದೇವರೇ, ಇದೆ, ದನಿ ಇದೆ.

ಆಹಾ, ನರಕ್ಕೇನೂ ಆಗಿಲ್ಲ, ಈಗ ಸ್ವಲ್ಪ ಹೊತ್ತು ಉಸಿರೆತ್ತಬೇಡಿ, ಮಾತೂ ಬೇಡ, ಉಗುಳೂ ನುಂಗಬೇಡಿ, ನರದ ಪಕ್ಕದಲ್ಲೇ ಇದೀನಿ. ಸರಿ ಎನ್ನುವ ಹಾಗೆ ಕಣ್ಣು ಮುಚ್ಚುತ್ತಾಳೆ, ಆಗ ಬಾಗಿಲ ಆಚೆಯಿಂದ — ಹೋಗುವವರಿಗೆ ದಾರಿ ಬಿಡಿ, ದಾರಿ ಬಿಡಿ — ಯಾದಿರಾ, ಎಳೆದು, ತುಂಬಿ, ಕಲಿಸಿದ ಹಾಗೆಯೇ, ಅಮ್ಮ ಎತ್ತಿದ ಸೊಲ್ಲನ್ನು ನೆಲಕ್ಕೆ ಬೀಳಿಸಬಾರದು ಎಂದು ಕಲಿಸಿದ ಹಾಗೆಯೇ, ಸೊಲ್ಲು ಸಿಕ್ಕಿತು, ಕೂಗು ಹಾಡಾಯಿತು, ಬೇಡವೇ ಮಗಳೇ, ಮುಚ್ಚೇ ಬಾಯಿ, ನಾಲಿಗೆಯ ತುದಿಯಲ್ಲಿದೆ, ಹೇಳುವಂತಿಲ್ಲ, ಸೂಜಿ ನರದ ಪಕ್ಕ, ಅವಳು ಎರಡನೆಯ ಸಲ ಎತ್ತಿಕೊಳ್ಳುತ್ತಿದ್ದಾಳೆ, ಬಸಿರಿನ ಮೇಲೆ ಕೈಯಿಟ್ಟುಕೊಂಡೇ ಹಾಡುತ್ತಿರಬೇಕು, ಅಮ್ಮನಿಗೆ ಗುಣವಾಯಿತೆಂಬ ಸಂತೋಷ ಆ ದನಿಯಲ್ಲಿ, ಡಾಕ್ಟರು ನಗುತ್ತಾನೆ, ಮಗಳೂ ಚೆನ್ನಾಗಿ ಹಾಡ್ತಾಳೆ, ಅಲ್ಲಾಡ್ಬೇಡಿ, ಕಣ್ಣು ತೆರೆದರೆ ಪರದೆ, ಪರದೆಯ ಮೇಲೆ ಆ ಬಿಳಿ ಚುಕ್ಕೆ, ಅರಳುತ್ತಿದೆ, ಹೋಗುವವರಿಗೆ ದಾರಿ, ಬಿಳಿ ಚುಕ್ಕೆ, ಅಂಚಿನಲ್ಲಿ ಗುಳ್ಳೆ, ಬಿಳಿ ಚುಕ್ಕೆ