ಎದುರು ಮನೆಯ ಕಾಗದದ ಕಿಟಕಿ

ಎದುರು ಮನೆಯ ಮಹಡಿಯ ಕಿಟಕಿಗೆ ಒಳಗಿನಿಂದ ಹಳೆಯ ಪತ್ರಿಕೆಯ ಹಾಳೆಗಳನ್ನು ಅಂಟಿಸಿದ್ದು ನವೆಂಬರ್ ಇಪ್ಪತ್ತಮೂರರ ಗುರುವಾರ. ದಿನಾಂಕದ ಬಗ್ಗೆ ಲುಪ್ಪೊ ಬೂರ್ಮಾನಿಗೆ ಅನುಮಾನವಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದ. ಮಿಕ್ಕ ಎಲ್ಲದರ ಬಗ್ಗೆಯೂ ಅನುಮಾನವಿತ್ತು.

ವಿನ್ಸ್ಖೋಟನ್ ಎಂಬ ಸಣ್ಣ ಊರಿನ ಆ ಬೀದಿಯಲ್ಲಿ ಇರುವುದು ಇಪ್ಪತ್ತೆರಡು ಮನೆಗಳು. ಎಲ್ಲವೂ ವಸತಿ ಸಂಘದ ಬಾಡಿಗೆ ಮನೆಗಳು, ಗೋಡೆಗೆ ಗೋಡೆ ಅಂಟಿ ನಿಂತವು. ಅಲ್ಲಿ ಯಾರೂ ಪರದೆ ಎಳೆಯುವುದಿಲ್ಲ. ದೀಪ ಹಾಕಿದ ಮೇಲೂ ಬೀದಿಯಲ್ಲಿ ನಡೆದುಹೋಗುವವನಿಗೆ ನಡುಮನೆ, ಊಟದ ಮೇಜು, ಅದರಾಚೆಯ ಹಿತ್ತಿಲು ಎಲ್ಲ ಒಂದೇ ನೋಟಕ್ಕೆ ಸಿಗುತ್ತವೆ. ಪರದೆ ಮುಚ್ಚಿದೆ ಎಂದರೆ ಒಳಗಿನವರು ಸತ್ತಿರಬೇಕು, ಇಲ್ಲವೇ ಏನನ್ನೋ ಬಚ್ಚಿಡುತ್ತಿರಬೇಕು. ನವೆಂಬರ್ ಮೊದಲ ವಾರ ಎದುರಿಗೆ ಬಂದ ಬೆರೆಂಡ್, ನಿಂಕೆ ಎಂಬ ಎಳೆಯ ಗಂಡ ಹೆಂಡಿರು ಸತ್ತಿರಲಿಲ್ಲ. ಬೆರೆಂಡ್ ದಿನವೂ ಬೆಳಿಗ್ಗೆ ಆರೂ ಮುಕ್ಕಾಲಿಗೆ ಸೈಕಲ್ ಹತ್ತಿ ರಟ್ಟಿನ ಕಾರ್ಖಾನೆಗೆ ಹೋಗುವುದನ್ನು ಲುಪ್ಪೊ ಕಣ್ಣಾರೆ ನೋಡುತ್ತಿದ್ದ.

"ಬೆಳ್ಳಿ ಬಣ್ಣದ ಹಾಳೆ. ಎರಡು ಸುರುಳಿ," ಎಂದ ಲುಪ್ಪೊ, ಕಿಟಕಿಯಿಂದ ಮುಖ ತಿರುಗಿಸದೆ.

"ಯಾರದು?" ಎಂದಳು ಹೆಂಡತಿ ಫ್ರೌಕೆ. ಅಕ್ಟೋಬರಿನಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡವಳು ಇನ್ನೂ ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಥಂಡಿ ತಾಗುತ್ತದೆ ಎಂದು ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದಳು.

"ಎದುರುಗಡೆ ಹುಡುಗ ಸೈಕಲ್ ಮೇಲೆ ತಂದ. ಬೆಳಕು ಬಿದ್ರೆ ವಾಪಸ್ ಹೊಡಿಯೋ ಹಾಳೆ. ಗಾಂಜಾ ಬೆಳೆಯೋರು ಗೋಡೆಗೆ ಅದನ್ನೇ ಅಂಟಿಸೋದು."

"ಅಡುಗೆ ಮಾಡೋರೂ ಅದನ್ನ ತರ್ತಾರೆ."

"ಅಷ್ಟಗಲದ್ದಾ? ಇಡೀ ಹಂದೀನೇ ಸುತ್ತಿ ಬೇಯಿಸ್ತಾರಾ?"

"ಲುಪ್ಪೊ, ರಿಟೈರ್ ಆದ್ಮೇಲೆ ನಿಂಗೆ ಓದೋಕೆ ಮೀಟರ್ ಸಿಗ್ತಿಲ್ಲ. ಅದಕ್ಕೇ ಮನೆಗಳನ್ನ ಓದ್ತಾ ಕೂತಿದೀಯ."

ಲುಪ್ಪೊ ಮೂವತ್ತೆಂಟು ವರ್ಷ ವಿದ್ಯುತ್ ಕಂಪನಿಯಲ್ಲಿ ಮನೆಮನೆ ಸುತ್ತಿ ಮೀಟರ್ ಓದಿದವನು. ಅವನು ಯಾಕೆ ಹೀಗೆ ನೋಡುತ್ತ ಕೂರುತ್ತಾನೆಂದು ಇಬ್ಬರಿಗೂ ಗೊತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದೆ ಊರಿನ ಆ ತುದಿಯ ಒಂದು ಮನೆಯಲ್ಲಿ ಮೀಟರಿನ ಚಕ್ರ ಅಲುಗುತ್ತಲೇ ಇರಲಿಲ್ಲ. ಆದರೆ ಬಾಗಿಲು ತೆರೆದಾಗ ಫೆಬ್ರುವರಿಯಲ್ಲೂ ಒಳಗಿನಿಂದ ಸೆಖೆ ಮುಖಕ್ಕೆ ಹೊಡೆಯಿತು. ಗಾಂಜಾ ಬೆಳೆಸುವ ದೀಪಗಳಿಗೆ ಕರೆಂಟನ್ನು ಮೀಟರಿಗೆ ಬರುವ ಮುಂಚೆಯೇ ತಂತಿ ಎಳೆದು ಕದಿಯುತ್ತಿದ್ದಾರೆಂದು ತಿಳಿಯಲು ಅವನಿಗೆ ಅರ್ಧ ನಿಮಿಷ ಸಾಕಾಯಿತು. ನಮಗ್ಯಾಕೆ ಊರ ಉಸಾಬರಿ ಎಂದುಕೊಂಡು ಅಂಕಿ ಬರೆದುಕೊಂಡು ಹೊರಟುಬಂದ. ಇಪ್ಪತ್ತು ದಿನದ ಮೇಲೆ ಆ ತಂತಿಯಿಂದಲೇ ಬೆಂಕಿ ಹತ್ತಿತು. ಗಾಂಜಾ ಬೆಳೆದವರು ಓಡಿಹೋದರು. ಪಕ್ಕದ ಮನೆಯಲ್ಲಿ ಮಲಗಿದ್ದ ಪೋಸ್ಟ್ಮಾ ಎಂಬ ವಿಧವೆ ಹೊಗೆಯಲ್ಲಿ ಉಸಿರುಗಟ್ಟಿ ಸತ್ತಳು. ಲುಪ್ಪೊ ಅವಳ ಅಂತ್ಯಕ್ರಿಯೆಗೆ ಹೋಗಿ, ಅಲ್ಲಿನ ರೂಢಿಯಂತೆ ಕಾಫಿ ಕುಡಿದು, ಕೇಕು ತಿಂದು ಬಂದ. ಆ ಮೀಟರಿನ ವಿಷಯ ಫ್ರೌಕೆಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಈಗ ಎದುರು ಮನೆಯ ಗೋಡೆಗೆ ಅಂಟಿಕೊಂಡ ಮನೆಯಲ್ಲಿಯೂ ಒಬ್ಬ ಮುದುಕಿ ಇದ್ದಳು. ಎಂಬತ್ತೆಂಟು ವರ್ಷ, ಕಿವಿ ಪೂರಾ ಮಂದ.

ಡಿಸೆಂಬರಿನಲ್ಲಿ ಸಾಮಾನು ಬರುತ್ತಲೇ ಹೋಯಿತು, ಎಲ್ಲವೂ ಹಳೆಯದು. ಸರಕು ಹೊರುವ ಎರಡು ಮರದ ಹಲಗೆಗಟ್ಟುಗಳು. ಗಾರೆ ಕಲಸುವ ಕಪ್ಪು ಪ್ಲಾಸ್ಟಿಕ್ ತೊಟ್ಟಿ. ಒಂದು ದೊಡ್ಡ ಫ್ಯಾನು. ಗೋಡೆಗೆ ಹೊಡೆಯುವ, ಕೆಂಪಗೆ ಕಾಯುವ ಉದ್ದನೆಯ ದೀಪ. ಮಹಡಿಯ ಕಿಟಕಿಯ ಗಾಜಿನ ಒಳಗೆ ನೀರಿನ ಹನಿ ಇಳಿಯತೊಡಗಿತು, ಅಂಟಿಸಿದ ಪತ್ರಿಕೆ ಒದ್ದೆಯಾಗಿ ಸುಕ್ಕಾಯಿತು. ಕೆಳಗಿನ ಬಲ ಮೂಲೆಯಲ್ಲಿ ಒಂದು ಯೂರೋ ನಾಣ್ಯದಷ್ಟು ತೂತು ಇತ್ತು. ಅದು ತಾನಾಗಿ ಹರಿದದ್ದಲ್ಲ, ಕತ್ತರಿಸಿದ್ದು ಎಂದು ಲುಪ್ಪೊನಿಗೆ ಖಾತ್ರಿಯಾಗಿತ್ತು. ನಿಂಕೆಯಂತೂ ಬಂದ ವಾರದಲ್ಲಿ ದಪ್ಪ ಕೋಟು ಹಾಕಿಕೊಂಡು ಎರಡು ಸಲ ಕಂಡಿದ್ದೇ ಕೊನೆ. ಆಮೇಲೆ ಹೊರಗೆ ಬಂದವಳೇ ಅಲ್ಲ. ಮನೆಯಲ್ಲಿ ಯಾರಾದರೂ ಸದಾ ಇರಲೇಬೇಕಾದಂಥ ಬೆಳೆ ಯಾವುದು?

ಒಂದು ಮಧ್ಯಾಹ್ನ ಕಸದ ಡಬ್ಬಿ ಇಡುವ ನೆಪದಲ್ಲಿ ಬೀದಿ ದಾಟಿ, ಅವರ ಬಾಗಿಲ ಬಳಿ ನಿಂತು ಮೂಗೆಳೆದ. ಫ್ಯಾನಿನ ಗುಂಯ್‌ಗುಡುವಿಕೆ ಕೇಳಿಸಿತು. ವಾಸನೆ ಇರಲಿಲ್ಲ.

"ವಾಸನೆ ಇಲ್ಲ ಅಂದ್ರೆ ಏನರ್ಥ?" ಎಂದಳು ಫ್ರೌಕೆ.

"ಇದ್ದಿಲಿನ ಫಿಲ್ಟರ್ ಹಾಕಿದ್ದಾರೆ ಅಂತ."

"ವಾಸನೆ ಬಂದಿದ್ರೆ?"

"ಹಾಕಿಲ್ಲ ಅಂತ."

"ಹೋಗಿ ಬಾಗಿಲು ತಟ್ಟಿ ಕೇಳೋ ಮಾರಾಯ. ಏನಪ್ಪಾ ಮಾಡ್ತಿದೀರಾ ಅಂತ."

"ಕಳ್ಳನ್ನ ಕೇಳಿದ್ರೆ ಕದ್ದಿದ್ದೀನಿ ಅಂತಾನಾ?"

ಜನವರಿಯ ಮೂರನೇ ವಾರ ಹಿಮ ಬಿತ್ತು, ಎರಡು ಬೆರಳಷ್ಟು. ಬೆಳಗಾದ ಮೇಲೆ ನೋಡಿದರೆ ಎದುರಿನ ಸಾಲಿನ ಹನ್ನೊಂದು ಮನೆಗಳ ಹೆಂಚೂ ಬೆಳ್ಳಗಿದ್ದವು. ಆ ಕಿಟಕಿಯ ಮೇಲೆ ಮಾತ್ರ ಹಾಸಿಗೆಯಗಲ ಹೆಂಚು ಕಪ್ಪಗೆ, ಒದ್ದೆಯಾಗಿ, ಸಣ್ಣಗೆ ಹಬೆಯಾಡುತ್ತಿತ್ತು. ಕೆಳಗೆ ಬಿಸಿ ದೀಪಗಳಿದ್ದರೆ ಹಿಮ ನಿಲ್ಲುವುದಿಲ್ಲ. ವಸತಿ ಸಂಘ ಮನೆಮನೆಗೆ ಹಂಚಿದ ಎಚ್ಚರಿಕೆಯ ಕಾಗದದಲ್ಲಿ ನಾಲ್ಕನೆಯ ಗುರುತೇ ಅದು. ಅದೇ ಕಾಗದದ ಕೊನೆಯ ಸಾಲನ್ನೂ ಲುಪ್ಪೊ ಓದಿದ್ದ: ಗಾಂಜಾ ಬೆಳೆದದ್ದು ಸಿಕ್ಕರೆ ಬಾಡಿಗೆ ಕರಾರು ರದ್ದು. ಹೇಳಿದರೆ ಒಂದು ಸಂಸಾರ ನಡುಚಳಿಯಲ್ಲಿ ಬೀದಿಗೆ ಬೀಳುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಅವನು ಒಮ್ಮೆ ನೋಡಿದ್ದಾಗಿತ್ತು.

ಹನ್ನೊಂದೂವರೆಗೆ, ಹೆಸರು ಹೇಳದೆ ದೂರು ಕೊಡುವ ಸಂಖ್ಯೆಗೆ ಫೋನ್ ಮಾಡಿದ. ಬೀದಿ, ಮನೆ ನಂಬರು, ಒಂಬತ್ತು ಗುರುತುಗಳು, ದಿನಾಂಕ ಸಮೇತ. ಆ ಕಡೆಯ ಹೆಂಗಸು ಎಲ್ಲವನ್ನೂ ಟೈಪ್ ಮಾಡಿಕೊಂಡು, "ಇಷ್ಟು ಕ್ರಮವಾಗಿ ಯಾರೂ ಹೇಳಲ್ಲ" ಎಂದಳು. ಲುಪ್ಪೊನಿಗೆ ಹಗುರಾಯಿತು. ಫ್ರೌಕೆ ಮಧ್ಯಾಹ್ನದ ಸೂಪನ್ನು ಮೇಜಿನ ಮೇಲೆ ಕುಕ್ಕಿದಳು.

ಮರುದಿನ ಶುಕ್ರವಾರ. ಬೆರೆಂಡ್ ಸೈಕಲಿಗೆ ಕಟ್ಟಿಕೊಂಡ ಗಾಡಿಯಲ್ಲಿ ಬಿಯರಿನ ಕ್ರೇಟುಗಳನ್ನು ತಂದು ಇಳಿಸಿದ. ಕತ್ತು ಚಾಚಿ ನೋಡಿದ ಲುಪ್ಪೊ ತನ್ನಷ್ಟಕ್ಕೆ ಎಂಬಂತೆ ಹೇಳಿದ:

"ಈಗ ಕುಂಡ ಇಡೋಕೆ ಕ್ರೇಟು. ಹತ್ತನೇ ಗುರುತು."

"ಎಷ್ಟು?" ಎಂದಳು ಫ್ರೌಕೆ.

"ನಾಲ್ಕು."

"ಬಾಟ್ಲಿ ಇದೆಯಾ?"

"ಇಲ್ಲ. ಖಾಲಿ. ಮಹಡಿಗೆ ಹೊತ್ಕೊಂಡು ಹೋದ."

ಫ್ರೌಕೆಯ ಹೆಣಿಗೆ ಕಡ್ಡಿ ನಿಂತಿತು. ಊರುಗೋಲು ಹಿಡಿದು ಎದ್ದಳು. ಮೂರು ತಿಂಗಳಲ್ಲಿ ಮೊದಲ ಬಾರಿಗೆ ಕಿಟಕಿಯ ತನಕ ಬಂದು ಗಂಡನ ಪಕ್ಕ ನಿಂತಳು.

"ಖಾಲಿ ಕ್ರೇಟನ್ನ ಅಂಗಡಿಗೆ ವಾಪಸ್ ಕೊಟ್ರೆ ದುಡ್ಡು ಬರುತ್ತೆ. ಯಾರು ಮಹಡಿಗೆ ಹೊರ್ತಾರೆ ಲುಪ್ಪೊ?"

"ಅದನ್ನೇ ನಾನೂ..."

"ಮಂಚಕ್ಕೆ ಎಷ್ಟು ಕಾಲು?"

ಲುಪ್ಪೊ ತಮ್ಮ ಮಹಡಿಯ ಕಡೆ ಕತ್ತೆತ್ತಿದ.

ಆ ಕಡೆ ಹೆರಿಗೆ, ಬಾಣಂತನ ಇಂದಿಗೂ ಮನೆಯಲ್ಲೇ ಮಾಡಿಸುವ ರೂಢಿಯಿದೆ. ಹೆರಿಗೆಯ ಮನೆಯಲ್ಲಿ ಸೂಲಗಿತ್ತಿಗೂ ಬಾಣಂತಿ ನೋಡುವ ನರ್ಸಿಗೂ ಬೆನ್ನು ಬಗ್ಗಿಸುವ ಕಷ್ಟ ಆಗಬಾರದೆಂದು ಮಂಚವನ್ನು ಎತ್ತರಿಸಲೇಬೇಕು. ಇಲ್ಲದಿದ್ದರೆ ಅವರು ಕೆಲಸಕ್ಕೇ ನಿಲ್ಲುವುದಿಲ್ಲ. ಅನುಕೂಲವಿದ್ದವರು ಅದಕ್ಕೆಂದೇ ಮಾಡಿದ ಕಾಲುಗಳನ್ನು ಬಾಡಿಗೆಗೆ ತರುತ್ತಾರೆ. ಇಲ್ಲದವರು ನಾಲ್ಕು ಖಾಲಿ ಬಿಯರ್ ಕ್ರೇಟುಗಳನ್ನು ಬೋರಲು ಹಾಕಿ ಮಂಚವನ್ನು ಅದರ ಮೇಲೇರಿಸುತ್ತಾರೆ. ಇದೇ ಮನೆಯ ಮಹಡಿಯಲ್ಲಿ ಎಪ್ಪತ್ತೊಂಬತ್ತರಲ್ಲೊಮ್ಮೆ, ಎಂಬತ್ತೆರಡರಲ್ಲೊಮ್ಮೆ ಲುಪ್ಪೊ ತಾನೇ ಹಾಗೆ ಮಾಡಿದ್ದ.

"ಕೂಸಿನ ಕೋಣೆ ಕಣೋ ಅದು," ಎಂದಳು ಫ್ರೌಕೆ. "ನೀನು ಪೊಲೀಸರಿಗೆ ಹಿಡ್ಕೊಟ್ಟಿದ್ದು ಕೂಸಿನ ಕೋಣೆನ."

ಅವನು ಮತ್ತೆ ಆ ಸಂಖ್ಯೆಗೆ ಫೋನ್ ಮಾಡಿದ. ಈ ಸಲ ಗಂಡಸಿನ ಧ್ವನಿ.

"ನಿನ್ನೆ ಕೊಟ್ಟ ದೂರು ವಾಪಸ್ ತಗೋಬೇಕಿತ್ತು."

"ಯಾರು ಯಾವ ದೂರು ಕೊಟ್ರು ಅಂತ ನಾವು ಇಟ್ಕೊಳಲ್ಲ. ಅದಕ್ಕೇ ತಾನೆ ಜನ ನಮಗೆ ಫೋನ್ ಮಾಡೋದು."

"ಕೊಟ್ಟಿದ್ದು ನಾನೇ ಸ್ವಾಮಿ. ತಪ್ಪಾಯ್ತು ಅಂತ ಹೇಳ್ತಿದ್ದೀನಿ."

"ಇರಬಹುದು. ಗಾಂಜಾ ಬೆಳೆಯೋರೇ ನೀವಾಗಿದ್ರೂ ಹೀಗೇ ಹೇಳ್ತಿದ್ರಿ."

ಲುಪ್ಪೊ ಫೋನ್ ಇಟ್ಟು ಕೋಟು ಹಾಕಿಕೊಂಡ. ಬೀದಿ ದಾಟಲು ಹದಿನಾಲ್ಕು ಹೆಜ್ಜೆ. ಬಾಗಿಲು ಅಂಗೈಯಗಲ ಮಾತ್ರ ತೆರೆಯಿತು.

"ಏನು ಬೇಕಿತ್ತು ಯಜಮಾನ್ರೆ?" ಎಂದ ಬೆರೆಂಡ್. ದನಿಯಲ್ಲಿ ಸ್ವಾಗತವಿರಲಿಲ್ಲ.

"ನಿಮ್ಮನೆ ತಪಾಸಣೆಗೆ ಜನ ಬರ್ತಾರೆ. ನಾಳೆಯೋ ಸೋಮವಾರವೋ ಗೊತ್ತಿಲ್ಲ. ನೀವು ಗಾಂಜಾ ಬೆಳೀತಿದೀರ ಅಂತ ದೂರು ಹೋಗಿದೆ." ಇಲ್ಲಿಗೇ ನಿಲ್ಲಿಸಬಹುದಿತ್ತು, ದೂರಿಗೆ ಹೆಸರೇ ಇರಲಿಲ್ಲ. "ಕೊಟ್ಟವನು ನಾನು."

ಬೆರೆಂಡ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಮಹಡಿಯಿಂದ ಹೆಂಗಸಿನ ದನಿ ಬಂತು: "ಯಾರು? ಆ ಕಿಟಕಿ ಮುದುಕನಾ? ಮೇಲೆ ಕಳ್ಸು. ನಂಗಂತೂ ಇಳಿಯೋ ಹಾಗಿಲ್ಲ."

ನಿಂಕೆ ಆ ಸಣ್ಣ ಕೋಣೆಯಲ್ಲೇ ಹಳೆಯ ಸೋಫಾದ ಮೇಲೆ ಒರಗಿದ್ದಳು. ಹೊಟ್ಟೆ ಮುಂದಿತ್ತು, ಕಾಲು ಊದಿದ್ದವು. ರಕ್ತದೊತ್ತಡ ಏರಿದ್ದರಿಂದ ನವೆಂಬರ್ ಎರಡನೇ ವಾರದಿಂದ ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದ್ದರಂತೆ. ಲುಪ್ಪೊ ಬಾಗಿಲಲ್ಲೇ ನಿಂತು ಮೀಟರ್ ಓದುವವನ ಅಭ್ಯಾಸದಂತೆ ಎಲ್ಲವನ್ನೂ ಒಂದೊಂದಾಗಿ ನೋಡಿದ. ಬೆಳ್ಳಿ ಹಾಳೆ ರೇಡಿಯೇಟರಿನ ಹಿಂದೆ, ಶಾಖ ಗೋಡೆಗೆ ಹೋಗದ ಹಾಗೆ. ಹಲಗೆಗಟ್ಟುಗಳಿಂದ ಉಜ್ಜಿ ನುಣುಪು ಮಾಡಿದ, ಮಗುವಿನ ಬಟ್ಟೆ ಬದಲಿಸುವ ಮೇಜು. ಅದರ ಮೇಲೆ ಮಗುವಿಗೆ ಚಳಿಯಾಗದಿರಲು ಕೆಂಪು ದೀಪ. ಹಬೆ ಹಾಯಿಸಿ ಏಳು ಪದರ ಹಳೆಯ ಗೋಡೆಕಾಗದ ಕೆರೆದಿದ್ದರು. ಅದರ ತೇವ ಆರಿಸಲು ಫ್ಯಾನು. ಯಾರ್‍ಯಾರೋ ಬಳಿದು ಉಳಿಸಿದ ಡಬ್ಬಿಗಳ ಬಣ್ಣವನ್ನೆಲ್ಲ ಕಪ್ಪು ತೊಟ್ಟಿಯಲ್ಲಿ ಕಲಸಿದ್ದರು. ಗೋಡೆಗೆ ಬಂದ ಬಣ್ಣ ಬೆಣ್ಣೆಯದ್ದೂ ಅಲ್ಲ, ನಿಂಬೆಯದ್ದೂ ಅಲ್ಲ. ಆದರೂ ನಾಲ್ಕು ಗೋಡೆಗೂ ಒಂದೇ ಸಮ ಕೂತಿತ್ತು. ಸೂರಿನ ಹಲಗೆಗಳ ಹಿಂದೆ ಶಾಖ ತಡೆಯುವಂಥದ್ದೇನೂ ಇರಲಿಲ್ಲ. ಸಂದಿಯಲ್ಲಿ ಹೆಂಚಿನ ಅಡಿ ಕಾಣುತ್ತಿತ್ತು. ಕಷ್ಟಪಟ್ಟು ಕಾಯಿಸಿದ ಶಾಖವೆಲ್ಲ ಹಿಮ ಕರಗಿಸಲು ಹೋಗುತ್ತಿತ್ತು.

"ಕಾಗದ ಯಾಕೆ ಅಂಟಿಸಿದ್ವಿ ಅಂತ ಕೇಳಲ್ವಾ?" ಎಂದಳು ನಿಂಕೆ.

"ಯಾಕಮ್ಮಾ?"

"ನಿಮ್ಮಿಂದ. ಬಂದ ದಿನದಿಂದ ಆ ಕುರ್ಚಿಲಿ ಕೂತು ನನ್ನನ್ನೇ ನೋಡ್ತಿದ್ರಿ. ಇಡೀ ದಿನ ಇಲ್ಲಿ ಒಬ್ಳೇ ಬಿದ್ದಿರ್ತೀನಿ, ಇವ್ನು ಕೆಲಸಕ್ಕೆ ಹೋಗ್ತಾನೆ. ಯಾವ ತರದ ಮನುಷ್ಯನೋ ಅಂತ ಹೆದರಿಕೆ ಆಗಲ್ವಾ?" ದಿಂಬಿನಡಿಯಿಂದ ಒಂದು ಶಾಲೆಯ ನೋಟ್‌ಬುಕ್ ತೆಗೆದಳು. "ನೀವು ಎಷ್ಟೊತ್ತಿಗೆ ಬಂದು ಕೂರ್ತೀರ, ಯಾವಾಗ ಏಳ್ತೀರ, ಕಸದ ಡಬ್ಬಿ ಹಿಡ್ಕೊಂಡು ನಮ್ಮ ಬಾಗಿಲಲ್ಲಿ ಮೂಗು ಎಳೆದಿದ್ದು, ಎಲ್ಲ ಇದೆ. ಇನ್ನೊಂದು ವಾರ ನೋಡಿ ಪೊಲೀಸರಿಗೆ ಹೇಳೋಣ ಅಂತಿದ್ದೆ. ನೀವೇ ಮೊದಲು ಹೋಗ್ಬಿಟ್ರಿ."

ಲುಪ್ಪೊ ಕಿಟಕಿಯ ಬಲ ಮೂಲೆಯ ತೂತನ್ನು ನೋಡಿದ. ಅದು ಸರಿಯಾಗಿ ಸೋಫಾದ ಮೇಲಿನ ಅವಳ ತಲೆಯ ಮಟ್ಟಕ್ಕಿತ್ತು. ಆಚೆ ಬದಿಯಲ್ಲಿ, ಬೀದಿಯಾಚೆ, ಅವನ ಖಾಲಿ ಕುರ್ಚಿ.

"ನಮ್ಮ ಷೆಡ್ಡಲ್ಲಿ ಗಾಜಿನ ಉಣ್ಣೆಯ ನಾಲ್ಕು ಸುರುಳಿ ಬಿದ್ದಿದೆ," ಎಂದ. "ಸೂರಿಗೆ ತುಂಬಿದ್ರೆ ಈ ಕೋಣೆ ಬೆಚ್ಚಗಿರುತ್ತೆ. ನಾನೇ ಬಂದು..."

"ನೀವು ಬರೋದು ಬೇಡ. ಬೆರೆಂಡ್ ಬಂದು ತಗೊಂಡು ಹೋಗ್ತಾನೆ."

ಸೋಮವಾರ ಹತ್ತು ಗಂಟೆಗೆ ಬಂದವರು ಮೂವರು: ಇಬ್ಬರು ಪೊಲೀಸರು, ವಸತಿ ಸಂಘದವನೊಬ್ಬ. ಲುಪ್ಪೊ ಎಂಟು ಗಂಟೆಯಿಂದ ಎದುರು ಮನೆಯ ಬಾಗಿಲ ಹೊರಗೆ ನಿಂತಿದ್ದ. ದೂರು ಕೊಟ್ಟವನು ನಾನೇ, ನನ್ನದೇ ತಪ್ಪು, ಒಳಗೆ ತುಂಬು ಬಸುರಿ ಇದ್ದಾಳೆ, ಬೂಟು ಸದ್ದು ಮಾಡಬೇಡಿ ಎಂದ. ಬೀದಿಯ ಅಷ್ಟೂ ಕಿಟಕಿಗಳು ಅವನನ್ನು ನೋಡಿದವು. ಪೊಲೀಸರು ಅವನನ್ನೇ ಎರಡು ಸಲ ಅನುಮಾನದಿಂದ ನೋಡಿ, ಆದರೂ ಮಹಡಿಗೆ ಹೋದರು, ಮೀಟರ್ ನೋಡಿದರು, ಆರು ನಿಮಿಷಕ್ಕೆ ಇಳಿದು ಬಂದರು. ವಸತಿ ಸಂಘದವನು ಮಾತ್ರ ಸೂರಿನ ಸಂದಿಯ ಬಗ್ಗೆ ಏನೋ ಬರೆದುಕೊಂಡು ಹೋದ.

ಫೆಬ್ರುವರಿ ಒಂಬತ್ತಕ್ಕೆ ಹೆಣ್ಣು ಮಗು ಹುಟ್ಟಿತು. ಸಂಜೆ ನಾಲ್ಕಕ್ಕೆ ಬೆರೆಂಡ್ ತಟ್ಟೆ ಹಿಡಿದು ಬಂದ. ಗುಂಡನೆಯ ರಸ್ಕು, ಬೆಣ್ಣೆ, ಮೇಲೆ ಸಕ್ಕರೆ ಸುತ್ತಿದ ಗುಲಾಬಿ, ಬಿಳಿ ಸೋಂಪಿನ ಕಾಳು. ಮಗು ಹುಟ್ಟಿದಾಗ ಬೀದಿಗೆಲ್ಲ ಹಂಚುವಂಥದ್ದು. ತಟ್ಟೆಯಲ್ಲಿ ಮೂರಿದ್ದವು.

"ಅಮ್ಮನಿಗೆ ಎರಡು, ನಿಮಗೆ ಒಂದು," ಎಂದ ಬೆರೆಂಡ್. ಅವನಿಗೆ ನಗು ತಡೆಯಲಾಗಲಿಲ್ಲ. "ನಿಂಕೆ ಎಣಿಸಿ ಕಳಿಸಿದ್ದಾಳೆ."

"ಬುದ್ಧಿವಂತೆ," ಎಂದು ಫ್ರೌಕೆ ತನ್ನ ಎರಡನ್ನೂ ತೆಗೆದುಕೊಂಡಳು.

ಲುಪ್ಪೊ ತನ್ನ ಒಂದನ್ನು ಹಿಡಿದು ಕಿಟಕಿಯ ಬಳಿ ನಿಂತ. ಮತ್ತೆ ಹಿಮ ಬಿದ್ದಿತ್ತು. ಈ ಸಲ ಆ ಸಾಲಿನ ಹನ್ನೊಂದೂ ಮನೆಗಳ ಹೆಂಚು ಒಂದೇ ಸಮ ಬೆಳ್ಳಗಿದ್ದವು. ಎದುರಿನ ಕಿಟಕಿಯ ಕಾಗದ ಇನ್ನೂ ಹಾಗೆಯೇ ಇತ್ತು. ಬಲ ಮೂಲೆಯ ತೂತಿಗೆ ಮಾತ್ರ ಯಾರೋ ಒಳಗಿನಿಂದ ಒಂದು ಚೂರು ಅಂಟಿಸಿದ್ದರು.

ಅವನು ಕುರ್ಚಿಯನ್ನು ಎತ್ತಿ ಫ್ರೌಕೆಯ ಕುರ್ಚಿಯ ಪಕ್ಕಕ್ಕೆ, ಕಿಟಕಿಗೆ ಬೆನ್ನು ಮಾಡಿ ಇಟ್ಟುಕೊಂಡು ಕೂತ. ಆಮೇಲೆ ರಸ್ಕನ್ನು ಕಚ್ಚಿದ.