ಕೊಳವೆಯ ಟೊಮೇಟೊ, ಡಬ್ಬದ ಟೊಮೇಟೊ

ಅಬೂ ಹೈಸಮ್ ಚಹಾ ಕುಡಿಯುವುದಕ್ಕೆಂದು ಕುಳಿತದ್ದನ್ನು ಅಮ್ಮಾನ್ ನಗರದ ನಮ್ಮ ಕಟ್ಟಡದಲ್ಲಿ ಯಾರೂ ಕಂಡವರಿಲ್ಲ. ಮೂವತ್ತು ವರ್ಷ ಸರ್ವೇಯರ್ ಆಗಿ ರಸ್ತೆ ಅಳೆದು ನಿವೃತ್ತರಾದ ಆ ಮನುಷ್ಯ, ಜೂನ್ ತಿಂಗಳ ಬಿಸಿಲಿನಲ್ಲೂ ಕಂದು ಕೋಟು ತೊಟ್ಟು, ಪುದೀನ ತೇಲುವ ಲೋಟ ಹಿಡಿದು, ಇನ್ನೂ ಯಾವುದೋ ರಸ್ತೆ ಬಾಕಿಯಿದೆ ಎಂಬಂತೆ ತಾರಸಿಯ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಲೇ ಇರುತ್ತಿದ್ದರು.

ಆ ವರ್ಷ ಅವರ ಚಡಪಡಿಕೆಗೆ ಕಾರಣ ಹನ್ನೆರಡು ಬೀಜ. ಹೆಂಡತಿ ರಸ್ಮಿಯ್ಯಾರ ತಾಯಿ ತೀರಿಕೊಂಡ ಮೇಲೆ, ಆಕೆ ಹಿತ್ತಿಲಲ್ಲಿ ಬೆಳೆಯುತ್ತಿದ್ದ ಟೊಮೇಟೊ ತಳಿಯಲ್ಲಿ ಉಳಿದದ್ದು ಅಷ್ಟೇ. ಆರನ್ನು ಅಬೂ ಹೈಸಮ್ ಮಣ್ಣಿಲ್ಲದೆ, ಗೊಬ್ಬರ ಕರಗಿಸಿದ ನೀರು ಹರಿಯುವ ಬಿಳಿ ಕೊಳವೆಗಳಲ್ಲಿ ಬೆಳೆಸಿದರು; ಆರನ್ನು ರಸ್ಮಿಯ್ಯಾ ಆಲಿವ್ ಎಣ್ಣೆಯ ಹಳೆಯ ಡಬ್ಬಗಳಲ್ಲಿ ಮಣ್ಣು ತುಂಬಿ ಊರಿದರು.

"ಮಣ್ಣು ಸೋಮಾರಿ ಕಣೇ. ನೀರಲ್ಲಾದ್ರೆ ಗಿಡ ಓಡತ್ತೆ."

"ಓಡೋ ಗಿಡ ನಿಮಗಿರಲಿ. ನಮ್ಮಮ್ಮನ ಗಿಡಕ್ಕೆ ಕೂರೋಕೆ ಜಾಗ ಬೇಕು."

ಗೆದ್ದದ್ದು ನೀರೇ. ಡಬ್ಬದ ಗಿಡ ಗೇಣುದ್ದವಿರುವಾಗ ಕೊಳವೆಯದು ಸೊಂಟ ಮುಟ್ಟಿತ್ತು. ಕುಡಿದ ನೀರೂ ಕಡಿಮೆ. ಮೊದಲ ಗೊನೆ ಬಣ್ಣ ತಿರುಗುತ್ತಲೇ ಕಿತ್ತು, ಮನೆಮನೆಗೆ ಹಂಚಿ ಬಂದರು. ರಸ್ಮಿಯ್ಯಾ ಒಂದನ್ನು ಕಚ್ಚಿ, "ಅಮ್ಮಂದೇ ರುಚಿ" ಎಂದರು. ಆಮೇಲೆ, "ಒಳಗೆ ಬೀಜ ಇನ್ನೂ ಎಳಸು. ಬೀಜಕ್ಕೆ ಅಂತ ಒಂದನ್ನಾದ್ರೂ ಗಿಡದಲ್ಲಿ ಬಿಟ್ರಾ?"

ಬಿಟ್ಟಿರಲಿಲ್ಲ.

ನಮಗೆ ನೀರು ಬರುವುದು ವಾರಕ್ಕೊಮ್ಮೆ, ಮಂಗಳವಾರ. ಸೋಮವಾರ ಸಂಜೆ ತೊಟ್ಟಿಯಲ್ಲಿ ಉಳಿದದ್ದನ್ನೆಲ್ಲ ಸುರಿದು ತಾರಸಿ ತೊಳೆಯುವುದು ಎಲ್ಲರ ರೂಢಿ. ಆ ಸೋಮವಾರ ಡಬ್ಬಗಳಿಗೂ ಧಾರಾಳವಾಗಿ ಹೊಯ್ದು ಗಂಡಹೆಂಡತಿ ಇಬ್ಬರೂ ತೊಳೆದರು. ಆ ಮಂಗಳವಾರ ನೀರು ಬರಲಿಲ್ಲ, ಬುಧವಾರವೂ ಇಲ್ಲ. ಗುರುವಾರಕ್ಕೆ, ತುಂಬಲು ತೊಟ್ಟಿಯಲ್ಲಿ ನೀರಿಲ್ಲದೆ ಕೊಳವೆಗಳು ಬತ್ತಿ, ಆರೂ ಗಿಡಗಳು ಸತ್ತಿದ್ದವು. ಡಬ್ಬದ ಮಣ್ಣು ಮಾತ್ರ ಒಳಗೊಳಗೆ ತೇವ ಹಿಡಿದಿಟ್ಟುಕೊಂಡಿತ್ತು.

ಕೆಲವು ವಾರಗಳ ಮೇಲೆ, ಡಬ್ಬದ ಗಿಡದಲ್ಲಿ ಮೊದಲ ಕಾಯಿ ದಪ್ಪಗಾದಾಗ, ರಸ್ಮಿಯ್ಯಾ ಎಚ್ಚರಿಸಿದರು: "ಅದು ತಾನಾಗಿ ಹಣ್ಣಾಗಿ ಮೆತ್ತಗಾಗೋ ಮುಂಚೆ ಕೈ ಇಟ್ರೆ, ಅಬೂ ಹೈಸಮ್, ನಿಮ್ಮನ್ನೇ ಡಬ್ಬದಲ್ಲಿ ಊರ್ತೀನಿ."

"ಒಂದ್ಸಲ ಒತ್ತಿ ನೋಡ್ಲಾ?"

"ಬೇಡ."

"ಬರೀ ಮೂಸಿ ನೋಡ್ತೀನಿ."

"ಕೈ ಹಿಂದಕ್ಕೆ ಕಟ್ಕೊಂಡು ಮೂಸಿ."

ಹಾಗೆಯೇ ಮೂಸಿದರು, ಒಂದು ದಿನವಲ್ಲ, ಇಪ್ಪತ್ತಮೂರು ದಿನ, ಬಿಸಿಲಿನಲ್ಲಿ ಬಾಗಿ, ಬೆನ್ನ ಹಿಂದೆ ಬೆರಳಿಗೆ ಬೆರಳು ಹೆಣೆದುಕೊಂಡು. ಹಣ್ಣು ಗಿಡದಲ್ಲೇ ಮಾಗಿತು. ಬೀಜ ಉಳಿಯಿತು.

ಇಂಥ ಅವಸರದವರಿಲ್ಲದಿದ್ದರೆ ನಾವು ಹೊಸದೇನನ್ನೂ ರುಚಿ ನೋಡುತ್ತಿರಲಿಲ್ಲ. ಆದರೆ ಅವರ ದುಡಿಮೆಯಲ್ಲೆಲ್ಲ ಅತಿ ಕಠಿಣವಾದದ್ದು ನಮ್ಮ ಕಣ್ಣಿಗೆ ದುಡಿಮೆಯಾಗಿ ಕಾಣುವುದೇ ಇಲ್ಲ: ತಾವು ಅತಿಯಾಗಿ ಪ್ರೀತಿಸುವ ವಸ್ತುವಿನಿಂದ ಕೈಯನ್ನು ದೂರವಿಡುವುದು.